ಅಪ್ಪನ ಆಸ್ಪತ್ರೆ ಲೆಕ್ಕದ ಪುಸ್ತಕ



ಇದು ಉದ್ದದ ಪೋಸ್ಟ್. ಬಿಡುವು ಮಾಡ್ಕೊಂಡು ಓದಿ. ಪೂರ್ತಿ ಓದಿದ ಮೇಲೆ ಕೊನೆಯಲ್ಲಿ ಒಂದು ಕೆಲಸ ಹೇಳಿದ್ದೀನಿ, ಅದನ್ನ ಮಾತ್ರ ಮರೀಬೇಡಿ.

ಹೋದ ವಾರ ಆಫೀಸಿನಲ್ಲಿ ಊಟದ ಹೊತ್ತಲ್ಲಿ ಒಬ್ಬ ಸಹೋದ್ಯೋಗಿ ಅಂದ್ರು: "ನಿಮ್ಮೋರಿಗೇನು ಬಿಡಿ ಸಾರ್, ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಇದೆ, ಐದು ಲಕ್ಷ ಫ್ರೀ. ಆಸ್ಪತ್ರೆ ಖರ್ಚು ಅಂತ ಇರೋದು ಈಗ ನಮ್ಮಂಥೋರಿಗೆ ಮಾತ್ರ." ಜಗಳಕ್ಕೆ ಅಂದ ಮಾತಲ್ಲ. ನಿಜ ಅಂತ ನಂಬಿಕೊಂಡೇ ಅಂದರು. ನಾನು ಆಗ ಏನೂ ಹೇಳಲಿಲ್ಲ. ಲೆಕ್ಕ ಬರೆಯೋದೇ ನನ್ನ ಹೊಟ್ಟೆಪಾಡು. ಲೆಕ್ಕ ಇಲ್ಲದೆ ಮಾತಾಡಬಾರದು ಅಂತ ಸುಮ್ಮನಾದೆ. ಸಂಜೆ ಮನೆಗೆ ಹೋಗಿ ಅಟ್ಟದ ಮೇಲಿದ್ದ ಟ್ರಂಕ್ ಇಳಿಸಿ ಒಂದು ಪುಸ್ತಕ ತೆಗೆದೆ. ಇನ್ನೂರು ಪುಟದ ಲಾಂಗ್ ಬುಕ್ಕು, ಅಂಚೆಲ್ಲ ಗೆದ್ದಲು ತಿಂದಿದೆ. 2009ರಲ್ಲಿ ಅಪ್ಪನಿಗೆ ಲಕ್ವ ಹೊಡೆದಾಗ ನಾನು ಬರೆದಿಟ್ಟ ಲೆಕ್ಕ ಅದು.

ಆ ಪುಸ್ತಕವನ್ನ ಪಕ್ಕದಲ್ಲಿಟ್ಟುಕೊಂಡು, ಈ ದೇಶ ಬಡವರ ಕಾಯಿಲೆ ಖರ್ಚನ್ನ ಯಾವಾಗಿಂದ, ಹೇಗೆ ಲೆಕ್ಕ ಹಾಕ್ತಾ ಬಂತು ಅನ್ನೋ ಚರಿತ್ರೆಯನ್ನ ಹೇಳಬೇಕು ಅನ್ನಿಸ್ತು. ಯಾಕಂದ್ರೆ ಅಳೆಯೋನ ಕೋಲು ಎಷ್ಟುದ್ದವೋ ಅಷ್ಟೇ ನಮ್ಮ ಕಷ್ಟ ಕಾಣೋದು.

*

ಮೊದಲು ಬಾಬಾಸಾಹೇಬರಿಂದ ಶುರು ಮಾಡ್ತೀನಿ.

ಅವರ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಪ್ರಸಂಗ ಇದೆ. ಮೇಷ್ಟ್ರು ಬರೆದ ಪತ್ರ 1929ರಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು, ಅದನ್ನ ಬಾಬಾಸಾಹೇಬರು ಎತ್ತಿಕೊಟ್ಟಿದ್ದಾರೆ. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ. ಹಸುಗೂಸಿನ ಜೊತೆ ಆಕೆಯನ್ನ ಕೇರಿ ಆಚೆಗೆ ಕರೆತಂದರು. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಥರ್ಮಾಮೀಟರ್ ವಾಪಸ್ಸಾಯಿತು. ನ್ಯುಮೋನಿಯಾ ಅಂದ, ಹೋದ. ಎರಡು ರೂಪಾಯಿ ಫೀಸು ಕೊಟ್ಟರೂ ಮತ್ತೆ ಬರಲಿಲ್ಲ. ಆಕೆ ತೀರಿಕೊಂಡರು.

ಈ ಮನೆಯ ವೈದ್ಯಕೀಯ ವೆಚ್ಚ ಎಷ್ಟು ಅಂತ ಒಬ್ಬ ಸಮೀಕ್ಷೆಯವನು ಬಂದು ಕೇಳಿದ್ದರೆ ಏನು ಬರ್ಕೊಳ್ತಿದ್ದ? ಡಾಕ್ಟರ್ ಫೀಸು ಎರಡು ರೂಪಾಯಿ, ಔಷಧಿಗೆ ಇಷ್ಟು ಅಂತ. ಹೊರೆ ಹಗುರ. ಈ ಎರಡು ರೂಪಾಯಿಯನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಮತ್ತೆ ಬರ್ತೀನಿ.

ಬಾಬಾಸಾಹೇಬರು ತಾವೇ ನಾಲ್ಕು ಮಕ್ಕಳನ್ನ ಎಳೆ ವಯಸ್ಸಿನಲ್ಲೇ ಕಳ್ಕೊಂಡವರು. 1942ರಿಂದ 46ರವರೆಗೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ಅವರ ಕೈಲಿತ್ತು. ಅದೇ ಕಾಲದಲ್ಲಿ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಮಾಡಿಕೊಡಿ ಅಂತ ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನ ನೇಮಿಸಲಾಯಿತು. 1944ರಲ್ಲಿ ವರದಿ ಬಂತು. ಅದರಿಂದ ಹುಟ್ಟಿದ್ದೇ 1948ರ ಇಎಸ್‌ಐ ಕಾಯ್ದೆ. ಇವತ್ತು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ದುಡಿಯೋ ನಮ್ಮ ಹೆಣ್ಣುಮಕ್ಕಳ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಮುರ್ಕೊಂಡು, ಮಾಲೀಕ ನೂರಕ್ಕೆ ಮೂರೂಕಾಲು ರೂಪಾಯಿ ಸೇರಿಸಿ ಕಟ್ತಾನಲ್ಲ, ಅದರ ಬೇರು ಅಲ್ಲಿದೆ. ಕಾಯಿಲೆ ಬಂದ ದಿನ ಜೇಬು ತಡಕಾಡಬಾರದು, ದುಡಿಯೋ ದಿನವೇ ಕಾಯಿಲೆಯ ದಿನಕ್ಕೆ ಎತ್ತಿಡಬೇಕು, ಅದರಲ್ಲಿ ದೊಡ್ಡ ಪಾಲು ದುಡಿಸ್ಕೊಳ್ಳೋನು ಕೊಡಬೇಕು ಅನ್ನೋ ತತ್ವ.

ಆದ್ರೆ ಅದು ಕಾರ್ಖಾನೆ ಗೇಟಿನ ಒಳಗೆ ಮಾತ್ರ. ಹೊಲದಲ್ಲಿ ಕಳೆ ಕೀಳೋರು, ಗಾರೆ ಕೆಲಸದೋರು, ಮನೆಗೆಲಸದೋರು ಎಲ್ಲ ಗೇಟಿನ ಆಚೆ ಉಳಿದ್ರು. ಅಂದ್ರೆ ನಮ್ಮ ಜನರಲ್ಲಿ ಬಹುಪಾಲು.

ಅದೇ 1943ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿಯನ್ನೂ ಮಾಡಿದ್ರು. 1946ರಲ್ಲಿ ಅದು ಕೊಟ್ಟ ವರದಿಯ ಮೊದಲ ತತ್ವವೇ, ದುಡ್ಡು ಕೊಡೋ ಶಕ್ತಿ ಇಲ್ಲ ಅನ್ನೋ ಕಾರಣಕ್ಕೆ ಯಾರಿಗೂ ವೈದ್ಯಕೀಯ ಆರೈಕೆ ತಪ್ಪಬಾರದು ಅನ್ನೋದು. ಸ್ವಾತಂತ್ರ್ಯ ಬರೋಕೆ ಮುಂಚೆಯೇ ಬರೆದಿಟ್ಟ ಮಾತು ಇದು.

*

ಹಾಗಾದ್ರೆ ನಮ್ಮ ಹಿರೀಕರು ಆಸ್ಪತ್ರೆ ಖರ್ಚನ್ನ ಯಾವುದರಲ್ಲಿ ಅಳೀತಿದ್ರು? ಜೀತದಲ್ಲಿ.

ನಮ್ಮ ತಾತ ಎಷ್ಟು ರೂಪಾಯಿಗೆ ಜೀತ ಇದ್ದ ಅನ್ನೋದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಯಾಕೆ ಇದ್ದ ಅನ್ನೋದು ಎಲ್ಲರಿಗೂ ನೆನಪಿದೆ. ಅಜ್ಜಿಗೆ ಹೆರಿಗೆಯಲ್ಲಿ ಮೈ ಕೆಟ್ಟಿತ್ತು, ಗಾಡಿ ಕಟ್ಟಿಸ್ಕೊಂಡು ಪೇಟೆ ಆಸ್ಪತ್ರೆಗೆ ಹೋಗೋಕೆ ಗೌಡರ ಹತ್ರ ದುಡ್ಡು ಇಸ್ಕೊಂಡ. "ಆರು ವರ್ಸದ ಆಸ್ಪತ್ರೆ" ಅಂತ ಅಜ್ಜಿ ಅದಕ್ಕೆ ಹೆಸರಿಟ್ಟಿದ್ದಳು. ನೋಡಿ, ಓದುಬರಹ ಬರದ ಹೆಂಗಸು ಹಾಕಿದ ಲೆಕ್ಕ. ರೂಪಾಯಿ ಲೆಕ್ಕಕ್ಕಿಂತ ಇದು ಸರಿಯಾದ ಲೆಕ್ಕ ಅಂತ ನನಗೆ ಈಗ ಅನ್ನಿಸುತ್ತೆ. ಮದುವೆ, ಸಾವು, ಕಾಯಿಲೆ, ಈ ಮೂರಕ್ಕೆ ಮಾಡಿದ ಸಾಲ ನಮ್ಮವರನ್ನ ಜೀತಕ್ಕೆ ತಳ್ತಾ ಇತ್ತು. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂತು. ಜೀತಗಾರನ ಸಾಲ ಮನ್ನಾ ಆಯಿತು. ಕಾಯಿಲೆ ಮನ್ನಾ ಆಗಲಿಲ್ಲ.

ಸರ್ಕಾರ ತನ್ನ ಲೆಕ್ಕ ಶುರು ಮಾಡಿದ್ದು 1950ರಲ್ಲಿ. ಮಹಾಲನೋಬಿಸ್ ಅವರು ಕಟ್ಟಿದ ರಾಷ್ಟ್ರೀಯ ಮಾದರಿ ಸಮೀಕ್ಷೆ. ಮನೆ ಮನೆಗೆ ಹೋಗಿ ಅಕ್ಕಿಗೆಷ್ಟು, ಬಟ್ಟೆಗೆಷ್ಟು, ಔಷಧಿಗೆಷ್ಟು ಅಂತ ಕೇಳೋದು. ಆರೋಗ್ಯಕ್ಕೇ ಮೀಸಲಾದ ಸುತ್ತುಗಳು ಆಮೇಲೆ ಬಂದವು: 1973-74, 1986-87, 1995-96, 2004, 2014, 2017-18. ಆಸ್ಪತ್ರೆ ಸೇರಿದ್ದರೆ ಕಳೆದ 365 ದಿನದ ಲೆಕ್ಕ, ಸೇರದೆ ಬರೀ ತೋರಿಸ್ಕೊಂಡು ಬಂದಿದ್ದರೆ ಕಳೆದ 15 ದಿನದ ಲೆಕ್ಕ.

ಈ ಸುತ್ತುಗಳನ್ನ ಸಾಲಾಗಿಟ್ಟು ನೋಡಿದರೆ ಒಂದು ಕತೆ ಕಾಣುತ್ತೆ. 1986-87ರಲ್ಲಿ ಹಳ್ಳಿಗಳಲ್ಲಿ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಸುಮಾರು 60 ಜನ ಸೇರ್ತಿದ್ದದ್ದು ಸರ್ಕಾರಿ ಆಸ್ಪತ್ರೆಗೆ. 1995-96ಕ್ಕೆ ಅದು ಸುಮಾರು 44ಕ್ಕೆ ಇಳೀತು. ಹತ್ತೇ ವರ್ಷ. ಆ ಹತ್ತು ವರ್ಷದಲ್ಲಿ ಏನೇನಾಯಿತು? 1979ರಲ್ಲಿ 347 ಔಷಧಿಗಳ ಬೆಲೆ ಸರ್ಕಾರದ ಹತೋಟಿಯಲ್ಲಿತ್ತು, 1995ರ ಹೊತ್ತಿಗೆ ಆ ಪಟ್ಟಿ 80ಕ್ಕಿಂತ ಕೆಳಗಿಳೀತು. 1993ರಲ್ಲಿ ವಿಶ್ವಬ್ಯಾಂಕು ಆರೋಗ್ಯದಲ್ಲಿ ಬಂಡವಾಳ ಹೂಡೋದು ಹೇಗೆ ಅಂತ ದೊಡ್ಡ ವರದಿ ಬರೀತು. 1996ರಲ್ಲಿ ಅದರ ಸಾಲದಲ್ಲೇ ನಮ್ಮ ರಾಜ್ಯದ ಆಸ್ಪತ್ರೆಗಳನ್ನ ಮೇಲೆತ್ತೋ ಯೋಜನೆ ಶುರುವಾಯಿತು. ಕಟ್ಟಡ ಬಂತು, ಜೊತೆಗೆ ಶುಲ್ಕದ ರಸೀದಿಯೂ ಬಂತು. ಬಡವರಿಗೆ ವಿನಾಯಿತಿ ಅಂತ ಬರೆದಿತ್ತು. ನಾನು ಬಡವ ಅಂತ ಕೌಂಟರಿನಲ್ಲಿ ನಿಂತು ಸಾಬೀತು ಮಾಡೋ ಕೆಲಸ ಮಾತ್ರ ನಮ್ಮದಾಯಿತು.

*

ಈಗ 'ಹೊರೆ' ಅಂದ್ರೆ ಏನು ಅನ್ನೋದಕ್ಕೆ ಬರೋಣ. ಇಪ್ಪತ್ತೈದು ವರ್ಷದಿಂದ ಪ್ರಪಂಚದ ಅರ್ಥಶಾಸ್ತ್ರಜ್ಞರು ಇದನ್ನ ಮುಖ್ಯವಾಗಿ ಎರಡು ಥರ ಅಳೀತಾರೆ.

ಒಂದು, ಮನೆಯ ಒಟ್ಟು ಖರ್ಚಿನಲ್ಲಿ ಕಾಯಿಲೆಗೆ ಹೋದ ಪಾಲು ನೂರಕ್ಕೆ 10 ಮೀರಿದರೆ, ಅಥವಾ 25 ಮೀರಿದರೆ, ಅದು 'ವಿಪತ್ತಿನ ವೆಚ್ಚ'. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇಟ್ಟಿದ್ದ ಅಳತೆ ಇದು. ಇದರದ್ದೇ ಇನ್ನೊಂದು ರೂಪ, ಊಟದ ಖರ್ಚು ಕಳೆದು ಉಳಿದದ್ದರಲ್ಲಿ 40 ಮೀರಿತಾ ಅಂತ ನೋಡೋದು.

ಎರಡು, ಆಸ್ಪತ್ರೆ ಖರ್ಚು ಕಳೆದ ಮೇಲೆ ಆ ಮನೆ ಬಡತನದ ಗೆರೆಯಿಂದ ಕೆಳಗೆ ಬಿತ್ತಾ ಅಂತ ನೋಡೋದು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಏಷ್ಯಾದ 11 ದೇಶಗಳಲ್ಲಿ ಹೀಗೆ ಲೆಕ್ಕ ಹಾಕಿ, 7.8 ಕೋಟಿ ಜನ ಆಸ್ಪತ್ರೆ ಖರ್ಚಿನಿಂದಲೇ ಕಡುಬಡತನಕ್ಕೆ ಬಿದ್ದಿದ್ದಾರೆ ಅಂತ ತೋರಿಸ್ತು. ಅದರಲ್ಲಿ ಸುಮಾರು 3.7 ಕೋಟಿ ನಮ್ಮ ದೇಶದೋರು.

ನಮ್ಮ ಪಕ್ಕದಲ್ಲೇ ಆದ ಅಧ್ಯಯನ ಒಂದಿದೆ. ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನೋರು 9,299 ಮನೆಗಳನ್ನ ಸುತ್ತಿ ಮಾಡಿದ್ದು, 2012ರಲ್ಲಿ ಪ್ರಕಟ ಆಯಿತು. ಆಸ್ಪತ್ರೆ ಸೇರಿದ್ದರ ಖರ್ಚಲ್ಲ, ಬರೀ ತೋರಿಸ್ಕೊಂಡು ಔಷಧಿ ತರೋ ಖರ್ಚು. ನೂರರಲ್ಲಿ 16 ಮನೆಗಳು ಆದಾಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಸುರೀತಿದ್ದವು. ಬಿಪಿ, ಸಕ್ಕರೆ ಕಾಯಿಲೆಯಂಥ ದಿನಾ ಮಾತ್ರೆ ನುಂಗೋ ಕಾಯಿಲೆಗಳ ಖರ್ಚು, ಒಂದೇ ತಿಂಗಳಲ್ಲಿ ಬಡತನದ ಗೆರೆಯ ಕೆಳಗಿನೋರ ಸಂಖ್ಯೆಯನ್ನ ಎರಡರಷ್ಟು ಮಾಡಿತ್ತು. ಐದು ಲಕ್ಷದ ಕಾರ್ಡು ಮುಟ್ಟದೇ ಇರೋ ಖರ್ಚು ಇದೇ. ನನ್ನ ಸಹೋದ್ಯೋಗಿಗೆ ಗೊತ್ತಿಲ್ಲದ ಸಂಗತಿಯೂ ಇದೇ.

*

ಈಗ ಅಪ್ಪನ ಪುಸ್ತಕ ತೆಗೀತೀನಿ.

2009. ಆಗ ನಾನು ಬಿಎ ಮುಗಿಸಿ ಒಂದು ಕಡೆ ಟೈಪಿಂಗ್ ಮಾಡ್ಕೊಂಡಿದ್ದೆ. ಅವ್ವ ಕೂಲಿ. ತಮ್ಮ ಪಿಯುಸಿ. ಮನೆ ಖರ್ಚು ವರ್ಷಕ್ಕೆ ಅರವತ್ತು ಸಾವಿರ. ತಾಲ್ಲೂಕು ಆಸ್ಪತ್ರೆಯಲ್ಲಿ "ಇಲ್ಲಾಗಲ್ಲ, ಬೆಂಗಳೂರಿಗೆ ಕರ್ಕೊಂಡೋಗಿ" ಅಂದ್ರು. ಹತ್ತಿರ ಸಿಕ್ಕಿದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ. ಹನ್ನೊಂದು ದಿನ.

ಆಸ್ಪತ್ರೆ ಬಿಲ್ಲು, ಸ್ಕ್ಯಾನಿಂಗ್, ಔಷಧಿ: 46,800.
ಆಂಬುಲೆನ್ಸ್, ಆಟೋ, ಬಸ್ಸು: 3,150.
ನೋಡ್ಕೊಳ್ಳೋರ ಊಟ, ಕಾಫಿ: 2,400.
ವಾರ್ಡಿನಲ್ಲಿ ಕೈಗೆ ಕೊಟ್ಟಿದ್ದು: 650.
ಒಟ್ಟು: 53,000.

ದುಡ್ಡು ಬಂದದ್ದು ಹೀಗೆ. ಇದ್ದದ್ದು 6,000. ಅವ್ವನ ಓಲೆ ಅಡ ಇಟ್ಟು 9,000. ಸಂಘದ ಸಾಲ 10,000. ಮಿಕ್ಕ 28,000 ಊರಿನ ಒಬ್ಬರ ಹತ್ರ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 840. ಅಸಲು ತೀರಿಸೋಕೆ ಆಗದೆ ನಾಲ್ಕು ವರ್ಷ ಬರೀ ಬಡ್ಡಿ ಕಟ್ಟಿದ್ವಿ: 40,320 ರೂಪಾಯಿ. ಇಸ್ಕೊಂಡ 28,000 ಹಾಗೇ ಇತ್ತು.

ಈ ಲೆಕ್ಕವನ್ನ ಸಮೀಕ್ಷೆಯ ಕೋಲಿನಿಂದ ಅಳೆದು ನೋಡಿ. ಅರವತ್ತು ಸಾವಿರದಲ್ಲಿ ಬದುಕೋ ಮನೆಗೆ 46,800 ಅಂದ್ರೆ ನೂರಕ್ಕೆ 78. ಆದ್ರೆ ಅವರು ಭಾಗಿಸೋದು ಆ ವರ್ಷದ ಒಟ್ಟು ಖರ್ಚಿನಿಂದ, ಅದರಲ್ಲಿ ಆಸ್ಪತ್ರೆ ಖರ್ಚೂ ಸೇರಿರುತ್ತೆ. 60,000 ಕೂಡಿಸು 46,800, ಅಲ್ಲಿಗೆ 1,06,800. ಪಾಲು ನೂರಕ್ಕೆ 44ಕ್ಕೆ ಇಳೀತು! ಸಾಲ ಮಾಡಿದ್ದರಿಂದ ನಾವು ಕಾಗದದ ಮೇಲೆ ಸ್ವಲ್ಪ ಶ್ರೀಮಂತರಾದ್ವಿ. ತಪ್ಪು ಲೆಕ್ಕ ಅಂತ ಹೇಳ್ತಿಲ್ಲ. ವಿಪತ್ತು ಅನ್ನೋ ಪಟ್ಟಿಯಲ್ಲಿ ನಾವು ಹೆಂಗಾದ್ರೂ ಇರ್ತಿದ್ವಿ. ಆದ್ರೆ ಅಡ ಇಟ್ಟ ಓಲೆ, ತಂದ ಸಾಲ ಇವೆಲ್ಲ 'ಬಳಕೆ' ಅಂತ ಲೆಕ್ಕ ಆಗೋದನ್ನ ನೋಡಿದಾಗ ನಗು ಬರುತ್ತೆ, ಸಿಟ್ಟೂ ಬರುತ್ತೆ.

ಮುಂದಿನ ನಾಲ್ಕು ವರ್ಷದ ಬಡ್ಡಿ? ಅದು ಆರೋಗ್ಯದ ವೆಚ್ಚ ಅಲ್ಲ, ಬಡ್ಡಿಯ ಲೆಕ್ಕ. ಅವ್ವ ಕೂಲಿಗೆ ಹೋಗದೆ ಅಪ್ಪನ ಪಕ್ಕ ಕೂತ ನಲವತ್ತು ದಿನ, ದಿನಕ್ಕೆ 80 ರೂಪಾಯಿಯಂತೆ 3,200? ಆದಾಯ ನಷ್ಟ ಎಷ್ಟು ಅಂತ ಪ್ರಶ್ನಾವಳಿಯಲ್ಲಿ ಕೇಳ್ತಾರೆ, ವೈದ್ಯಕೀಯ ವೆಚ್ಚ ಅಂತ ಪೇಪರಿನಲ್ಲಿ ಬರೋ ಅಂಕಿಯಲ್ಲಿ ಅದು ಇರಲ್ಲ. ತಮ್ಮ ಆ ವರ್ಷ ಪಿಯುಸಿ ಬಿಟ್ಟ. ಲಾರಿ ಲೋಡಿಂಗ್‌ಗೆ ಹೋದ. ಈಗಲೂ ಅದೇ ಕೆಲಸ. ಲೆಕ್ಕ ಬರೆಯೋ ನಾನೇ ಅದನ್ನ ಯಾವ ಕಾಲಮ್ಮಿನಲ್ಲಿ ಬರೀಬೇಕು ಅಂತ ಗೊತ್ತಾಗದೆ ಆ ಪುಟ ಖಾಲಿ ಬಿಟ್ಟಿದ್ದೀನಿ.

*

ಅಪ್ಪನಿಗೆ ಲಕ್ವ ಹೊಡೆದ ಮರುವರ್ಷವೇ ನಮ್ಮ ಜಿಲ್ಲೆಗೆ ಕಾರ್ಡು ಬಂತು. ಇಲ್ಲಿಂದ ನಮ್ಮ ಜಿಲ್ಲೆಯ ಚರಿತ್ರೆ, ಗಮನ ಇಟ್ಟು ಓದಿ.

ಅದಕ್ಕೂ ಮುಂಚೆ 2003ರಲ್ಲಿ ಯಶಸ್ವಿನಿ ಬಂದಿತ್ತು. ವರ್ಷಕ್ಕೆ 60 ರೂಪಾಯಿ ಕಟ್ಟಿದ್ರೆ ಆಪರೇಷನ್ ಖರ್ಚು ಉಚಿತ. ಮೊದಲ ವರ್ಷವೇ 16 ಲಕ್ಷ ಜನ ಸೇರಿದ್ರು. ಒಳ್ಳೆ ಯೋಜನೆ, ಸುಳ್ಳಲ್ಲ. ಆದ್ರೆ ಸೇರಬೇಕಾದ್ರೆ ಸಹಕಾರ ಸಂಘದ ಸದಸ್ಯ ಆಗಿರಬೇಕಿತ್ತು. ಹಾಲಿನ ಡೈರಿಗೆ ಹಾಲು ಹಾಕೋಕೆ ಹಸು ಬೇಕು, ಸೊಸೈಟಿ ಸಾಲಕ್ಕೆ ಪಹಣಿ ಬೇಕು. ಹಸು ಪಹಣಿ ಎರಡೂ ಇಲ್ಲದ ಮನೆಗೆ ಆ 60 ರೂಪಾಯಿ ಕಟ್ಟೋ ಬಾಗಿಲೇ ಇರಲಿಲ್ಲ. ಸರ್ಕಾರ ಇದನ್ನ 2018ರಲ್ಲಿ ನಿಲ್ಲಿಸಿ 2022ರಲ್ಲಿ ಮತ್ತೆ ತಂದಾಗ ಎಸ್‌ಸಿ, ಎಸ್‌ಟಿ ಸದಸ್ಯರ ಕಂತನ್ನ ತಾನೇ ಕಟ್ತೀನಿ ಅಂತು. ಸದಸ್ಯ ಆಗೋ ಬಾಗಿಲು ಮಾತ್ರ ಅಲ್ಲೇ ಇದೆ.

2010ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕರ್ನಾಟಕಕ್ಕೆ ಬಂತು. ಮೊದಲು ಐದು ಜಿಲ್ಲೆ: ಬೆಂಗಳೂರು ಗ್ರಾಮಾಂತರ, ಬೆಳಗಾವಿ, ದಕ್ಷಿಣ ಕನ್ನಡ, ಮೈಸೂರು, ಶಿವಮೊಗ್ಗ. ಬಿಪಿಎಲ್ ಮನೆ 30 ರೂಪಾಯಿ ಕೊಟ್ಟು ಹೆಸರು ಬರೆಸಿದ್ರೆ ಐದು ಜನಕ್ಕೆ ವರ್ಷಕ್ಕೆ 30,000 ರೂಪಾಯಿ ತನಕ ಆಸ್ಪತ್ರೆ ಖರ್ಚು. ಫೋಟೋ ತೆಗೆದು, ಬೆರಳಚ್ಚು ಒತ್ತಿಸ್ಕೊಂಡು ಕೊಡೋ ಸ್ಮಾರ್ಟ್ ಕಾರ್ಡು.

ನಾಗರಬಾವಿಯ ಐಸೆಕ್ ಸಂಸ್ಥೆಯ ಡಿ. ರಾಜಶೇಖರ್ ಮತ್ತವರ ಜೊತೆಗಾರರು ಈ ಐದು ಜಿಲ್ಲೆಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದ್ರು. 2011ರಲ್ಲಿ ಅಚ್ಚಾದ ಅವರ ಲೇಖನದ ಸಾರ ಇದು: ಅರ್ಹ ಮನೆಗಳಲ್ಲಿ ನೂರಕ್ಕೆ 85 ಮನೆಗೆ ಯೋಜನೆ ಗೊತ್ತಿತ್ತು. 68 ಮನೆ ಹೆಸರು ಬರೆಸಿದ್ದವು. ಉಪಯೋಗ ಆದದ್ದು? ಹೆಚ್ಚು ಕಮ್ಮಿ ಸೊನ್ನೆ. ಬಹಳ ಜನಕ್ಕೆ ಕಾರ್ಡೇ ಕೈಗೆ ಬಂದಿರಲಿಲ್ಲ. ಬಂದೋರಲ್ಲಿ ಅನೇಕರಿಗೆ ಎಲ್ಲಿ ಹೋಗಿ ತೋರಿಸಬೇಕು ಅಂತ ಗೊತ್ತಿರಲಿಲ್ಲ. ಆಸ್ಪತ್ರೆಗಳು ನಮಗೆ ತರಬೇತಿ ಕೊಟ್ಟಿಲ್ಲ, ದುಡ್ಡು ತಡವಾಗಿ ಬರುತ್ತೆ ಅಂತ ಗೊಣಗ್ತಿದ್ದವು.

ನಮ್ಮ ಮನೆಗೂ ಕಾರ್ಡು ಬಂತು. ಅಪ್ಪನ ಫೋಟೋ, ಅರ್ಧ ಸೊಟ್ಟ ಬಾಯಿ. ಅವ್ವ ಅದನ್ನ ಅರಿಶಿನದ ಡಬ್ಬಿಯಲ್ಲಿಟ್ಟಳು. 2012ರಲ್ಲಿ ಅಪ್ಪನಿಗೆ ಮತ್ತೆ ಜಾಸ್ತಿಯಾದಾಗ ಒಂದು ಆಸ್ಪತ್ರೆಗೆ ಕಾರ್ಡು ತಗೊಂಡು ಹೋದ್ವಿ. ಕೌಂಟರಿನೋರು ತಿರುಗಿಸಿ ಮುರುಗಿಸಿ ನೋಡಿ, "ಇದು ಇಲ್ಲಿ ನಡೆಯಲ್ಲ, ಅಡ್ವಾನ್ಸ್ ಕಟ್ಟಿ" ಅಂದ್ರು. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತು, "ನಡೀರಪ್ಪ ಮನೆಗೆ ಹೋಗಣ" ಅಂದ. ಹೋದ್ವಿ. ಮೂರು ವಾರಕ್ಕೆ ತೀರಿಕೊಂಡ. ಆ ಸಲದ ಲೆಕ್ಕ ನನ್ನ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ. ಆಟೋ 300, ಮಾತ್ರೆ 140.

ಇದೇ ತಂಡ ಅಷ್ಟಕ್ಕೇ ಬಿಡಲಿಲ್ಲ. ಶಿವಮೊಗ್ಗ ಮತ್ತು ನಮ್ಮ ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ, ಒಟ್ಟು 151 ಊರುಗಳಲ್ಲಿ, ಒಂದು ಪ್ರಯೋಗ ಮಾಡಿದ್ರು. ಯೋಜನೆ ವಿಷಯ ಮನೆ ಮನೆಗೆ ತಿಳಿಸೋಕೆ ಊರಿನವರನ್ನೇ ನೇಮಿಸಿದ್ರು. ಕೆಲವರಿಗೆ ಇಷ್ಟು ಅಂತ ಒಂದೇ ಸಂಭಾವನೆ. ಕೆಲವರಿಗೆ, ಜನ ಎಷ್ಟು ತಿಳ್ಕೊಂಡಿದ್ದಾರೆ ಅಂತ ಪರೀಕ್ಷೆ ಮಾಡಿ ಅದರ ಮೇಲೆ ದುಡ್ಡು. ಫಲಿತಾಂಶ 2019ರಲ್ಲಿ 'ಎಕನಾಮಿಕ್ ಜರ್ನಲ್'ನಲ್ಲಿ ಬಂತು. ಒಂದೇ ಸಂಭಾವನೆ ಕೊಟ್ಟ ಕಡೆ, ಹೇಳೋರಿಗೂ ಕೇಳೋರಿಗೂ ನಡುವೆ ಸಾಮಾಜಿಕ ಅಂತರ ಇದ್ದರೆ ಮಾಹಿತಿ ದಾಟ್ತಾ ಇರಲಿಲ್ಲ. ಆ ಅಂತರದಲ್ಲಿ ಜಾತಿಯೂ ಇತ್ತು. ತಿಳಿಸಿದ್ದಕ್ಕೆ ತಕ್ಕ ದುಡ್ಡು ಅಂದಾಗ ಆ ಅಂತರದ ಪರಿಣಾಮ ಹೋಯಿತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಊರಿನಿಂದ ಕೇರಿಗೆ ಆಸ್ಪತ್ರೆ ಕಾರ್ಡಿನ ಸುದ್ದಿ ಕೂಡ ಸುಮ್ಮನೆ ಬರಲ್ಲ. ದುಡ್ಡು ಕೊಟ್ಟರೆ ಬರುತ್ತೆ. ಇದನ್ನ ನಾವು ಹೇಳಿದ್ರೆ ಜಾತಿ ಜಾತಿ ಅಂತೀರಾ ಅಂತಾರೆ. ಇದು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಅಂಕಿಅಂಶ, ನಮ್ಮ ಜಿಲ್ಲೆಯದ್ದು.

*

2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷ. ಇದರಿಂದ ಹಾರ್ಟ್ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ ಆಗಿ ಬದುಕಿರೋರು ನಮ್ಮ ಕಾಲೋನಿಯಲ್ಲೇ ಇದ್ದಾರೆ. ಅದನ್ನ ಅಲ್ಲಗಳೆಯೋದು ನ್ಯಾಯ ಅಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ಹೋಗೋ ಪಾಲು 2013-14ರಲ್ಲಿ ನೂರಕ್ಕೆ 64.2 ಇದ್ದದ್ದು 2021-22ಕ್ಕೆ 39.4ಕ್ಕೆ ಇಳಿದಿದೆ ಅಂತ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತೆ. ನನ್ನ ಸಹೋದ್ಯೋಗಿಯ ಮಾತಿಗೆ ಆಧಾರ ಇದೇ ಥರದ್ದು.

ಆದ್ರೆ ಈ ಅಂಕಿ ಎಲ್ಲಿಂದ ಬಂತು? ಮನೆಗಳ ಖರ್ಚಿನ ಅಂದಾಜಿಗೆ ತಳಪಾಯ 2017-18ರ ಸಮೀಕ್ಷೆ. ಆ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಇದೆ. 2014ರಲ್ಲಿ ಹಳ್ಳಿಗಳಲ್ಲಿ ನೂರಕ್ಕೆ 8.9 ಜನ, ಕಳೆದ 15 ದಿನದಲ್ಲಿ ಕಾಯಿಲೆ ಇತ್ತು ಅಂದಿದ್ರು. 2017-18ರಲ್ಲಿ ಹಾಗೆ ಅಂದವರು 6.8. ಮೂರು ವರ್ಷದಲ್ಲಿ ದೇಶದ ಕಾಯಿಲೆ ಕಾಲುಭಾಗ ವಾಸಿ ಆಯಿತೇ? ಅಮರ್ತ್ಯ ಸೇನ್ ಇದನ್ನ ಹಿಂದೆಯೇ ಹೇಳಿದ್ದಾರೆ: ಆರೋಗ್ಯ ಚೆನ್ನಾಗಿರೋ ಕೇರಳದವರು ಸಮೀಕ್ಷೆಯಲ್ಲಿ ಹೆಚ್ಚು ಕಾಯಿಲೆ ಹೇಳ್ಕೊತಾರೆ, ಆರೋಗ್ಯ ಕೆಟ್ಟಿರೋ ಬಿಹಾರದವರು ಕಮ್ಮಿ ಹೇಳ್ಕೊತಾರೆ. ಡಾಕ್ಟರು ಹತ್ತಿರ ಇದ್ದೋನಿಗೆ ನೋವು ಕಾಯಿಲೆ. ದೂರ ಇದ್ದೋನಿಗೆ ಅದು ವಯಸ್ಸು, ಸುಸ್ತು, ಹಣೆಬರಹ.

ಇನ್ನೂ ಒಂದು ಲೆಕ್ಕ. 2022-23ರ ಬಳಕೆ ವೆಚ್ಚ ಸಮೀಕ್ಷೆ ಪ್ರಕಾರ ಹಳ್ಳಿಯ ಪರಿಶಿಷ್ಟ ಜಾತಿಯ ಒಬ್ಬರ ಸರಾಸರಿ ತಿಂಗಳ ಖರ್ಚು 3,474 ರೂಪಾಯಿ. ಮೀಸಲಾತಿ ಪಟ್ಟಿಗಳ ಆಚೆ ಇರೋ 'ಇತರರು' 4,392. ನಮ್ಮ ಐದು ಜನರ ಮನೆಗೆ ವರ್ಷಕ್ಕೆ 2,08,440. ಅದರ ಹತ್ತನೇ ಒಂದು ಪಾಲು 20,844. ಅಂದ್ರೆ ವಿಪತ್ತಿನ ಗೆರೆ ಅಲ್ಲಿದೆ. 2017-18ರ ಸಮೀಕ್ಷೆಯಂತೆ ಒಂದು ಸಲ ಆಸ್ಪತ್ರೆ ಸೇರಿದ್ರೆ ಸರಾಸರಿ ವೈದ್ಯಕೀಯ ವೆಚ್ಚ 20,135. ಸರ್ಕಾರಿಯಲ್ಲಿ 4,452, ಖಾಸಗಿಯಲ್ಲಿ 31,845. ಎರಡು ಸಮೀಕ್ಷೆಗಳಿಗೂ ನಡುವೆ ಐದು ವರ್ಷದ ಬೆಲೆ ಏರಿಕೆ ಇದೆ, ಒಪ್ತೀನಿ. ಆದ್ರೂ ನೋಡಿ, ಇಪ್ಪತ್ತು ಸಾವಿರ ಖರ್ಚಾದ ಮನೆ ಗೆರೆಗೆ ಏಳುನೂರು ರೂಪಾಯಿ ಕಮ್ಮಿ ಬಿದ್ದು 'ವಿಪತ್ತಲ್ಲ' ಅಂತ ಆಗುತ್ತೆ. ಆ ಇಪ್ಪತ್ತು ಸಾವಿರಕ್ಕೆ ಅವರು ಏನು ಮಾರಿದ್ರು ಅಂತ ಗೆರೆ ಕೇಳಲ್ಲ.

ನಮ್ಮ ಕಡೆ ಏನು ಮಾರ್ತಾರೆ ಅಂತ ನಿಮಗೆ ಗೊತ್ತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನೆಲಕ್ಕೆ ರೆಕ್ಕೆ ಬಂತು. ಸರ್ಕಾರ ಮಂಜೂರು ಮಾಡಿದ ಜಮೀನನ್ನ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಇದೆ. ಆದ್ರೂ ಐಸಿಯು ಬಾಗಿಲಲ್ಲಿ ನಿಂತಿರೋ ಮಗನಿಗೆ, ಅಗ್ರಿಮೆಂಟ್ ಪೇಪರ್ ಹಿಡ್ಕೊಂಡು ಬಂದೋನೇ ದೇವರ ಥರ ಕಾಣ್ತಾನೆ. 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಅವಧಿ'ಯೊಳಗೆ ಅರ್ಜಿ ಹಾಕಬೇಕು ಅಂದಾಗ ಎಷ್ಟೋ ಕೇಸು ಬಿದ್ದವು. ನಾವೆಲ್ಲ ಬೀದಿಗಿಳಿದ ಮೇಲೆ 2023ರಲ್ಲಿ ತಿದ್ದುಪಡಿ ಬಂತು. ಆ ಜಮೀನುಗಳು ಯಾಕೆ ಕೈ ಬಿಟ್ಟವು ಅನ್ನೋ ಪಟ್ಟಿಯನ್ನ ಯಾರಾದ್ರೂ ಮಾಡಿದ್ರೆ, ಅದರಲ್ಲಿ ಆಸ್ಪತ್ರೆಗಳ ಹೆಸರು ಎಷ್ಟು ಬರುತ್ತೋ.

*

ಕೊನೆಯದಾಗಿ ಆ ಎರಡು ರೂಪಾಯಿಗೆ ಬರ್ತೀನಿ.

ನಮ್ಮ ಕಾಲೋನಿಯಲ್ಲಿ ಒಬ್ಬ ದೊಡ್ಡವ್ವ ಇದ್ದಳು. ಎದೆ ನೋವು ಅಂತ ಮಗ ಆಟೋ ತಂದ. "ಸಾಯೋ ಮುದುಕಿಗೆ ಯಾಕ್ಲಾ ಸಾಲ ಮಾಡ್ತೀಯ, ಮಗಳ ಮದುವೆ ಐತೆ" ಅಂತ ಆಟೋದಿಂದ ಇಳಿದುಬಿಟ್ಟಳು. ಪಕ್ಕದೂರಿನ ಆರ್‌ಎಂಪಿ ಹತ್ರ ಒಂದು ಇಂಜೆಕ್ಷನ್. ಇನ್ನೂರು ರೂಪಾಯಿ. ಎರಡನೇ ದಿನ ಹೋದಳು. ಆ ಮನೆಯ ವೈದ್ಯಕೀಯ ಹೊರೆ ನೂರಕ್ಕೆ ಒಂದೂ ಇಲ್ಲ. ಯಾವ ಗೆರೆಯನ್ನೂ ದಾಟಲಿಲ್ಲ. ಸಮೀಕ್ಷೆಯ ಕಣ್ಣಿಗೆ ಆರ್ಥಿಕವಾಗಿ ಸುರಕ್ಷಿತ ಮನೆ. 1929ರ ಆ ಮೇಷ್ಟ್ರ ಮನೆ ಹಾಗೇ. 2012ರ ನಮ್ಮ ಮನೆಯೂ ಹಾಗೇ.

ಖರ್ಚು ಮಾಡಿ ಮುಳುಗಿದೋರು ಲೆಕ್ಕಕ್ಕೆ ಸಿಗ್ತಾರೆ. ಖರ್ಚು ಮಾಡೋಕಾಗದೆ ಸತ್ತೋರು ಉಳಿತಾಯದ ಲೆಕ್ಕದಲ್ಲಿ ಹೋಗಿಬಿಡ್ತಾರೆ. ಅರ್ಥಶಾಸ್ತ್ರಜ್ಞರಿಗೂ ಇದು ಗೊತ್ತು, ಈ ಅಳತೆಯ ಕೊರತೆ ಇದು ಅಂತ ಅವರೇ ಬರೆದಿದ್ದಾರೆ. ಆದ್ರೆ ಪೇಪರಿನ ಹೆಡ್‌ಲೈನ್‌ನಲ್ಲಿ ಕೊರತೆ ಬರಲ್ಲ, ಅಂಕಿ ಮಾತ್ರ ಬರುತ್ತೆ.

2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನ 9,90,923. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಪರಿಶಿಷ್ಟ ಜಾತಿ. 2017-18ರಲ್ಲಿ ಇಡೀ ದೇಶದಲ್ಲಿ ಕೇಳಿದ್ದು 1,13,823 ಮನೆಗಳನ್ನ. ಅದರಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಕೇರಿಗಳ ಪಾಲಿಗೆ ಬರೋದು ಬೆರಳೆಣಿಕೆ. ಜಿಲ್ಲೆಯ ದಲಿತರ ಆಸ್ಪತ್ರೆ ಸಾಲ ಎಷ್ಟು ಅಂತ ಆ ಅಂಕಿಯಿಂದ ಹೇಳೋಕೇ ಆಗಲ್ಲ. ಹಾಗಾಗಿ ನಮ್ಮ ಲೆಕ್ಕ ನಾವೇ ಬರೀಬೇಕು.

ಕೆಲಸ ಇಷ್ಟೇ. ನಿಮ್ಮ ಕಾಲೋನಿಯಲ್ಲಿ ಹತ್ತು ಮನೆಗೆ ಹೋಗಿ. ಒಂದು ನೋಟ್ ಬುಕ್ಕು ಸಾಕು. ಯಾರ ಹೆಸರೂ ಬರೀಬೇಡಿ, ಮನೆಗೊಂದು ನಂಬರು ಹಾಕಿ. ಕೇಳಬೇಕಾದ್ದು:

1. ಒಂದು ವರ್ಷದಲ್ಲಿ ಯಾರಾದ್ರೂ ಆಸ್ಪತ್ರೆ ಸೇರಿದ್ರಾ? ಬಿಲ್ಲೆಷ್ಟು? ಕಾರ್ಡು ನಡೀತಾ, ನಡೆದರೂ ಕೈಯಿಂದ ಎಷ್ಟು ಹೋಯಿತು?
2. ಬಿಪಿ, ಸಕ್ಕರೆ, ಗ್ಯಾಸ್ಟ್ರಿಕ್ ಮಾತ್ರೆಗೆ ತಿಂಗಳಿಗೆ ಎಷ್ಟು?
3. ಓಡಾಟಕ್ಕೆ ಎಷ್ಟು? ಎಷ್ಟು ದಿನದ ಕೂಲಿ ಹೋಯಿತು, ಯಾರದ್ದು?
4. ಸಾಲ ಯಾರ ಹತ್ರ, ಬಡ್ಡಿ ಎಷ್ಟು, ಇನ್ನೂ ಕಟ್ತಿದ್ದೀರಾ?
5. ಏನು ಮಾರಿದ್ರಿ, ಏನು ಅಡ ಇಟ್ರಿ? ಕೊಂಡೋರು ಯಾರು?
6. ಯಾರಾದ್ರೂ ಓದು ಬಿಟ್ರಾ?
7. ಹೋಗಬೇಕಿತ್ತು, ಹೋಗಲಿಲ್ಲ ಅನ್ನೋ ಹಾಗೆ ಏನಾದ್ರೂ ಆಯಿತಾ? ಯಾಕೆ?

ಏಳನೇ ಪ್ರಶ್ನೆಗೆ ಜನ ತಕ್ಷಣ ಉತ್ತರ ಕೊಡಲ್ಲ. ಸ್ವಲ್ಪ ಹೊತ್ತು ಕೂತಿರಿ. ಒಂದು ಲೋಟ ನೀರು ಇಸ್ಕೊಂಡು ಕುಡೀರಿ. ಆಮೇಲೆ ಹೇಳ್ತಾರೆ.

ಹತ್ತು ಹತ್ತು ಮನೆ ಅಂತ ಸೇರಿಸಿ, ನಾಲ್ಕು ತಾಲ್ಲೂಕಿನದ್ದು ಒಟ್ಟು ಮಾಡಿ, ಮನವಿ ಜೊತೆ ಇಟ್ಟು ಕೊಡೋಣ. ನಮ್ಮ ಬೇಡಿಕೆ ಮೂರು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನದ ಮಾತ್ರೆಗಳು ತಪ್ಪದೆ ಉಚಿತ ಸಿಗಬೇಕು. ಕಾರ್ಡು ಇದ್ದೂ ಅಡ್ವಾನ್ಸ್ ಕೇಳೋ ಆಸ್ಪತ್ರೆ ಮೇಲೆ ದೂರು ಕೊಟ್ಟರೆ ಲಿಖಿತ ಉತ್ತರ ಬರಬೇಕು. ಕೇರಿಗಳ ಆಸ್ಪತ್ರೆ ಸಾಲದ ಸಮೀಕ್ಷೆಯನ್ನ ಜಿಲ್ಲೆಯ ಮಟ್ಟದಲ್ಲಿ ಸರ್ಕಾರವೇ ಮಾಡಬೇಕು.

ನಿನ್ನೆ ಆ ಪುಸ್ತಕವನ್ನ ಆಫೀಸಿಗೆ ತಗೊಂಡು ಹೋಗಿ ಸಹೋದ್ಯೋಗಿ ಮುಂದಿಟ್ಟೆ. ಒಂದೊಂದೇ ಪುಟ ತಿರುವಿದ್ರು. ಖಾಲಿ ಪುಟ ಬಂದಾಗ "ಇದೇನ್ ಸಾರ್ ಏನೂ ಬರೆದಿಲ್ಲ" ಅಂದ್ರು. ತಮ್ಮನ ಪುಟ ಅದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ತಾಯಿಯ ಡಯಾಲಿಸಿಸ್ ವಿಷಯ ಹೇಳೋಕೆ ಶುರು ಮಾಡಿದ್ರು. ಅವರಿಗೂ ಒಂದು ಪುಸ್ತಕ ಬೇಕು ಅನ್ನಿಸ್ತು ನನಗೆ.

ಹತ್ತು ಮನೆ. ಈ ಭಾನುವಾರದಿಂದಲೇ ಶುರು ಮಾಡಿ.

ಜೈ ಭೀಮ್.